ಕುದ್ದು ಹೋದ ಕ್ವಾರ್ಟರ್

ನಮ್ಮ ಮನೆಯಲ್ಲಿ ಕುದಿಯದ ಪದಾರ್ಥ ಗಂಟಲಿಗೆ ಇಳಿಯುವುದಿಲ್ಲ. ಹಾಲು ಉಕ್ಕಲೇಬೇಕು, ಸಾರು ಕೊತ ಕೊತ ಅನ್ನಲೇಬೇಕು, ಕಷಾಯ ನಾಲ್ಕು ಲೋಟ ಇದ್ದದ್ದು ಎರಡಕ್ಕೆ ಇಳಿಯಲೇಬೇಕು. ಹೀಗೆ ಬೆಳೆದವನ ಕೈಗೆ ಯಾರೂ ರಮ್ ಕೊಡಬಾರದು.

ಹೋದ ಡಿಸೆಂಬರಿನ ಮಾತು. ಚಿಕ್ಕಮಗಳೂರಿನಲ್ಲಿ ಸಂಜೆ ಆರಕ್ಕೇ ಕಿವಿಗೆ ಮಫ್ಲರ್ ಬೇಕಾಗುವಂಥ ಚಳಿ. ಹೆಂಡತಿಯ ಅಣ್ಣ ಮೂಡಿಗೆರೆ ಕಡೆಯ ತೋಟದಿಂದ ಬಂದಿದ್ದರು. ಅರೇಬಿಕಾ ಕುಯ್ಲಿನ ಓಡಾಟ, ಮಂಜು, ಮೂಗು ಪೂರ್ತಿ ಕಟ್ಟಿತ್ತು. "ಇರಿ ಭಾವ, ಹಾಟ್ ಟಾಡಿ ಮಾಡಿಕೊಡ್ತೀನಿ" ಎಂದೆ, ವರ್ಷಗಟ್ಟಲೆ ಮಾಡಿದವನ ಹಾಗೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿದ್ದಷ್ಟೇ.

ಸ್ಕಾಟ್ಲೆಂಡಿನವರು ಅದನ್ನು ವಿಸ್ಕಿಯಲ್ಲಿ ಮಾಡುತ್ತಾರೆ. ಜೇನುತುಪ್ಪ, ನಿಂಬೆರಸ, ಲವಂಗ, ಬಿಸಿನೀರು. ಆದರೆ ಟಾಡಿ ಅನ್ನೋ ಹೆಸರು ಇಲ್ಲಿಯದೇ, ತಾಳೆ ಮರದ ತಾಡಿಯಿಂದ ಅಲ್ಲಿಗೆ ಹೋದದ್ದು. ಹೆಸರು ನಮ್ಮದಾದ ಮೇಲೆ ಒಳಗೆ ಏನು ಹಾಕಿದರೂ ನಮ್ಮಿಷ್ಟ, ಅಲ್ವಾ? ಮನೆಯಲ್ಲಿದ್ದದ್ದು ಒಂದು ಕ್ವಾರ್ಟರ್ ರಮ್. ಅದು ಹುಟ್ಟುವುದೇ ಕಬ್ಬಿನ ಕಾಕಂಬಿಯಿಂದ. ಅಂದರೆ ಬೆಲ್ಲ ಅದರ ದಾಯಾದಿ. ಜೇನು ಬಿಟ್ಟು ಬೆಲ್ಲ ಹಾಕಿದೆ. ಭಾವ ತಂದ ಕಾಳುಮೆಣಸು ಜಜ್ಜಿದೆ. ಲವಂಗ, ಚಕ್ಕೆ, ಮೂರು ಲೋಟ ನೀರು, ಆಮೇಲೆ ಆ 180 ಎಂ.ಎಲ್. ಅಷ್ಟೂ ಒಂದೇ ಪಾತ್ರೆಗೆ. ಒಲೆ ಜೋರು ಮಾಡಿ, ಅರ್ಧಕ್ಕೆ ಇಳಿಯಲಿ ಅಂತ ಕಾದೆ.

ಎಂಥ ಪರಿಮಳ ಅಂತೀರಿ! ಕೆಳಗಿನ ಮನೆಯ ಅಜ್ಜಿ ಕಿಟಕಿಯಿಂದಲೇ ಕೂಗಿದರು: "ಏನಪ್ಪಾ, ಹಲ್ವಾ ಮಾಡ್ತಿದೀರಾ?" ಹೂಂ ಅಂದೆ. ಬೇರೆ ಏನು ಹೇಳಲಿ?

ಎಷ್ಟು ಇಳಿದಿದೆ ಅಂತ ಪಾತ್ರೆಗೆ ಬಗ್ಗಿದೆ. ಒಲೆಯ ಬೆಂಕಿ ಪಾತ್ರೆಯ ಅಂಚು ಹತ್ತಿ, ಬಾಯಿಯ ಮೇಲೆ ನೀಲಿಯಾಗಿ ಭಗ್ ಅಂತು. ಕಂಡೂ ಕಾಣದಂಥ ಬಣ್ಣ, ಆದರೆ ಹುಬ್ಬಿಗೆ ಚೆನ್ನಾಗಿ ಗೊತ್ತಾಯಿತು. ಎಡಹುಬ್ಬಿನ ತುದಿ ಸುರುಟಿ, ಸುಟ್ಟ ಕೋಳಿಪುಕ್ಕದ ವಾಸನೆ ಹಲ್ವಾ ವಾಸನೆಗೆ ಸೇರಿತು. "ರೀ, ತಟ್ಟೆ ಮುಚ್ಚಿ!" ಎಂದು ಹೆಂಡತಿ ಕೂಗಿ, ತಾನೇ ಬಂದು ಮುಚ್ಚಿ, ಒಲೆ ಆರಿಸಿ, ನನ್ನನ್ನು ಒಂದು ಸಲ ನೋಡಿ ಹೋದಳು. ಆ ನೋಟಕ್ಕಿಂತ ಬೆಂಕಿಯೇ ವಾಸಿ.

ಉಳಿದದ್ದನ್ನು ಸೋಸಿ, ನಿಂಬೆ ಹಿಂಡಿ, ಸ್ಟೀಲ್ ಲೋಟದಲ್ಲಿ ಕೊಟ್ಟೆ. ಭಾವ ಮೊದಲು ತುಟಿ ಸುಟ್ಟುಕೊಂಡರು. ಆಮೇಲೆ ಊದಿ ಊದಿ ಅರ್ಧ ಕುಡಿದರು. ಮೂಗೂ ಬಿಟ್ಟಿತು.

"ಮೆಣಸಿನ ಕಷಾಯ ಚೆನ್ನಾಗಿದೆ ಭಾವ" ಎಂದರು. "ರಮ್ ಯಾವಾಗ ಹಾಕ್ತೀರಾ?"

ಶಾಲೆಯಲ್ಲಿ ಓದಿದ್ದು ಆಗ ನೆನಪಾಯಿತು. ನೀರು ಕುದಿಯೋದು 100 ಡಿಗ್ರಿಗೆ, ಆಲ್ಕೋಹಾಲ್ 78ಕ್ಕೇ. ನೀರು ಅರ್ಧಕ್ಕೆ ಇಳಿಯುವ ಹೊತ್ತಿಗೆ ನನ್ನ ಕ್ವಾರ್ಟರಿನ ಬಹುಪಾಲು ಕಿಟಕಿ ದಾಟಿತ್ತು. ಮಸಾಲೆ ನೀರು ಕುದಿಸಿ, ಒಲೆಯಿಂದ ಇಳಿಸಿ, ಕೊನೆಗೆ ಲೋಟಕ್ಕೆ 60 ಎಂ.ಎಲ್. ರಮ್ ಹಾಕಿದ್ದರೆ ಮುಗಿದೇ ಹೋಗುತ್ತಿತ್ತು. ಅದು ಮೈ ಬಿಸಿ ಮಾಡುತ್ತೆ ಅನ್ನೋದೂ ಸುಮ್ನೆ. ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತೆ ಅಷ್ಟೇ. ಇದನ್ನು ಭಾವನಿಗೆ ಹೇಳಿ ಸಮಾಧಾನ ಮಾಡಲು ನೋಡಿದೆ. ಅವರು ಖಾಲಿ ಬಾಟಲಿಯನ್ನು ಬಗ್ಗಿಸಿ ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಮೆಟ್ಟಿಲ ಹತ್ತಿರ ಅಜ್ಜಿ ಸಿಕ್ಕಿದರು. "ರಾತ್ರಿ ಯಾಕೋ ಒಳ್ಳೇ ನಿದ್ದೆ ಬಂತಪ್ಪ" ಎಂದರು. "ಇವತ್ತೂ ಹಲ್ವಾ ಇದೆಯಾ?"