ಕೊನೆ ಕೊಯ್ಲು ಸುರು, ಸೊಂಟನೋವೂ ಸುರು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಬಂತೆಂದರೆ ಮನೆಗೊಬ್ಬರಾದರೂ ಸೊಂಟಕ್ಕೆ ಕೈ ಕೊಟ್ಟುಕೊಂಡು ಓಡಾಡುತ್ತಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ನಡುರಾತ್ರಿವರೆಗೆ ಬಗ್ಗಿ ಕೂತು ಸುಲಿದರೆ, ಹಸಿ ಕೊನೆಯ ಹೊರೆಯನ್ನು ಒಮ್ಮೆಲೇ ಎತ್ತಿದರೆ ಇನ್ನೇನಾಗುತ್ತದೆ ಮಾರಾಯ್ರೆ? ಇಂಥ ನೋವಿಗೆ ಹೆದರಬೇಕಿಲ್ಲ. ಶಾಖ ಕೊಡಿ, ಕೆಲವು ದಿನ ಭಾರ ಎತ್ತಬೇಡಿ. ಓಡಾಟ ಮಾತ್ರ ಬಿಡಬೇಡಿ, ವಾರಗಟ್ಟಲೆ ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಹೆಚ್ಚಿನವರಿಗೆ 4ರಿಂದ 6 ವಾರದೊಳಗೆ ಇಳಿಯುತ್ತದೆ.

ನಾವು ಎಡವುವುದು ನೋವಿನ ಜೋರನ್ನೇ ಅಳತೆಗೋಲು ಮಾಡಿಕೊಂಡು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿದಾಗ ಈ ಲೆಕ್ಕ ಕೈಕೊಡುತ್ತದೆ. ಕಾಲಿನ ಚಳುಕು ಕಡಿಮೆಯಾಗಿ, ಅದರ ಜೊತೆಗೇ ಪಾದದ ಶಕ್ತಿಯೂ ಇಳಿದಿದ್ದರೆ ವಾಸಿಯಾಯಿತೆಂದು ತಿಳಿಯಬೇಡಿ, ನರ ಸೋಲುತ್ತಿದೆ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಒಂದು ಪಾದ ಏಳದಿದ್ದರೆ, ಹವಾಯಿ ಚಪ್ಪಲಿ ಗೊತ್ತೇ ಆಗದೆ ಕಳಚಿಹೋಗುತ್ತಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಇನ್ನೊಂದನ್ನು ಹೇಳಿಕೊಳ್ಳಲು ನಮ್ಮವರಿಗೆ ನಾಚಿಕೆ. ಮೂತ್ರ ಕಟ್ಟುವುದು, ತುಂಬಿದ್ದೇ ತಿಳಿಯದಿರುವುದು, ಅರಿವಿಲ್ಲದೆ ಸೋರುವುದು, ತೊಳೆದುಕೊಳ್ಳುವಾಗ ಗುದದ ಸುತ್ತ, ಒಳತೊಡೆಯಲ್ಲಿ ಮರಗಟ್ಟಿದಂತಿರುವುದು, ಎರಡೂ ಕಾಲು ಸೋಲುವುದು. ಸೊಂಟನೋವಿನ ಜೊತೆ ಇದರಲ್ಲಿ ಒಂದೇ ಒಂದು ಹೊಸದಾಗಿ ಸುರುವಾದರೂ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು. ತಡವಾದರೆ ಆಪರೇಷನ್ ಆದಮೇಲೂ ಮೂತ್ರದ ಹಿಡಿತ ಮರಳದೇ ಹೋದೀತು. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ, ಎಂಆರ್‌ಐ ಸ್ಕ್ಯಾನ್ ಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ., ಅದರಾಚೆಯ ಹಳ್ಳಿಗಳಿಗೆ ಇನ್ನೂ ದೂರ. ಹಾಗಿರುವಾಗ ‘ಬೆಳಗಾಗಲಿ, ನೋಡೋಣ’ ಬೇಡ. ಉಳುಕು ತೆಗೆಯುವವರ ಮನೆಗೆ ಸುತ್ತುವುದಂತೂ ಬೇಡವೇ ಬೇಡ.

ಅಡಿಕೆಮರದಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸುವ ಅಭ್ಯಾಸವೊಂದಿದೆ. ಮುರಿದ ಬೆನ್ನುಮೂಳೆ ಅಲುಗಿ ಬೆನ್ನುಹುರಿಗೆ ಪೆಟ್ಟಾಗುವುದು ಹೀಗೇ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬಂದು ಸೇರುವವರೆಗೆ ಅಲ್ಲೇ ಮಲಗಿಸಿರಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಒಟ್ಟಿಗೆ ಹೊರಳಿಸಿ ಹಲಗೆಗೆ ಹಾಕಿ. ವಯಸ್ಸಾದವರಿಗೆ, ಬಹುಕಾಲ ಸ್ಟೀರಾಯ್ಡ್ ತಗೊಂಡವರಿಗೆ ಇಷ್ಟು ದೊಡ್ಡ ಪೆಟ್ಟೇ ಬೇಕಿಲ್ಲ, ಬಚ್ಚಲಲ್ಲಿ ಜಾರಿ ಕೂತರೂ ಮೂಳೆ ಕುಸಿಯಬಹುದು.

ಮಲಗಿದರೂ ಬಿಡದ ರಾತ್ರಿನೋವು, ಸಂಜೆಜ್ವರ, ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇವು ಸ್ನಾಯುಸೆಳೆತದ ಗುರುತುಗಳಲ್ಲ. ಬೆನ್ನುಮೂಳೆಯ ಕ್ಷಯ, ಹಿಂದೆ ಕ್ಯಾನ್ಸರ್ ಆಗಿದ್ದರೆ ಅದು ಮರುಕಳಿಸಿದ್ದು, ಹೀಗೆ ಏನೂ ಇರಬಹುದು. ದನ ಸಾಕಿದವರಿಗೆ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕೂ ಬರಬಹುದು, ಕಾಯಿಸದ ಹಾಲಿನಿಂದ ಅಥವಾ ಕರು ಹಾಕಿದಾಗ ಬರಿಗೈಲಿ ಸತ್ತೆ (ಮಾಸು) ಮುಟ್ಟಿದ್ದರಿಂದ. ಕೊಟ್ಟಿಗೆಯಿದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳದೇ ಇರಬಹುದು.