ಎರಡೂ ಸೇರಿದಾಗ ಆಗೋ ಅನ್ಯಾಯ

ಅಮೆರಿಕದಲ್ಲಿ ಗೇ, ಟ್ರಾನ್ಸ್ ಆಗಿರೋ ಕಪ್ಪು ಜನರಿಗೆ ಕೆಲಸದ ಜಾಗದಲ್ಲಿ ಆಗೋ ತಾರತಮ್ಯದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರ್ದಿದೀರ ಮೇಡಂ, ಆದ್ರೆ ಅಲ್ಲಿನ ಸುಪ್ರೀಂ ಕೋರ್ಟಿನ 2020ರ ಬೋಸ್ಟಾಕ್ ತೀರ್ಪು ಬಂದ್ಮೇಲೆ ಸಮಸ್ಯೆ ಮುಗೀತು ಅನ್ನೋ ಥರ ಇರೋದು ನಂಗೆ ಒಪ್ಪಿಗೆ ಆಗ್ಲಿಲ್ಲ. ಗೇ ಅಥವಾ ಟ್ರಾನ್ಸ್ ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಆ ತೀರ್ಪು ಹೇಳಿದ್ದು ನಿಜ, ಆದ್ರೆ ಅದು ನಿಂತಿರೋದು 1964ರ ನಾಗರಿಕ ಹಕ್ಕುಗಳ ಕಾನೂನಿನ ಮೇಲೆ, 15 ಜನಕ್ಕಿಂತ ಕಮ್ಮಿ ಕೆಲಸಗಾರರಿದ್ರೆ ಆ ಕಾನೂನೇ ಅನ್ವಯ ಆಗಲ್ಲ, ಸಣ್ಣ ಹೋಟ್ಲು, ಸಲೂನ್‌ನಲ್ಲಿ ದುಡಿಯೋರು ಎಲ್ಲಿಗ್ ಹೋಗ್ಬೇಕು?

ಇನ್ನೊಂದು, ಕಪ್ಪು ಬಣ್ಣ ಒಂದು, ಗೇ ಅಥವಾ ಟ್ರಾನ್ಸ್ ಅನ್ನೋದು ಇನ್ನೊಂದು, ಹೀಗೆ ಎರಡೂ ಕಾರಣ ಸೇರಿದಾಗ ಸಾಬೀತು ಮಾಡೋದೇ ಕಷ್ಟ. 1976ರಲ್ಲಿ ಜನರಲ್ ಮೋಟರ್ಸ್ ಅನ್ನೋ ಕಾರು ಕಂಪನಿಯ ಕೇಸಲ್ಲಿ ಕಪ್ಪು ಹೆಂಗಸರು ಕೋರ್ಟಿಗೆ ಹೋದಾಗ ಜನಾಂಗ, ಲಿಂಗ ಎರಡನ್ನೂ ಸೇರಿಸಿ ಕೇಳೋ ಹಾಗಿಲ್ಲ ಅಂದ್ಬಿಟ್ರು! ಕಂಪನಿ ಹೆಂಗಸರನ್ನ ಕೆಲಸಕ್ಕೆ ತಗೊಂಡಿತ್ತಲ್ಲ ಅಂತ ಕೋರ್ಟಿನ ವಾದ, ಆದ್ರೆ ಮೊದಲಿಂದ ತಗೊಂಡಿದ್ದು ಬಿಳಿ ಹೆಂಗಸರನ್ನ. ಆಮೇಲೆ ಕೆಲವು ಕೋರ್ಟುಗಳು ಬೇರೆ ಥರ ಹೇಳಿದ್ರೂ ಆ ತೊಡಕು ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಕರ್ನಾಟಕದಲ್ಲಿ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ 1% ಮೀಸಲಾತಿ ಕೊಟ್ಟಾಗ ಎಸ್‌ಸಿ, ಎಸ್‌ಟಿ, ಒಬಿಸಿ, ಜನರಲ್ ಎಲ್ಲದರ ಒಳಗೂ ಕೊಟ್ರು, ಹಂಗಾಗಿ ದಲಿತ ಟ್ರಾನ್ಸ್ ಹೆಣ್ಣುಮಗಳು ಎರಡರಲ್ಲಿ ಒಂದನ್ನ ಬಿಡಬೇಕಾಗಿಲ್ಲ. ಇದು ನಿಜವಾಗ್ಲೂ ಒಳ್ಳೇ ಕೆಲಸ. ಖಾಸಗಿ ಕಂಪನಿಗಳಿಗೆ ಮಾತ್ರ ಇದು ಇಲ್ಲ, ಅದರ ಬಗ್ಗೆನೂ ದಯವಿಟ್ಟು ಬರೀರಿ.