ಬಾಗಲಕೋಟೆಯಲ್ಲಿ ಕೂತು ಫ್ಯಾಂಟಸಿ ಬರೆಯೋದು

ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ ಅಂದರೆ ಸಾಕು, ನಮ್ಮ ಕಾಕಾ ಕೇಳುವ ಪ್ರಶ್ನೆ ಒಂದೇ: "ನಮ್ಮ ಕಡೆ ಅದೆಲ್ಲಾ ಎಲ್ಲಿಂದ ಬಂತವಾ?" ಹಿಮ, ಡ್ರ್ಯಾಗನ್, ದಟ್ಟ ಕಾಡು ಇದ್ದರೇನೇ ಫ್ಯಾಂಟಸಿ ಅಂತ ಅವರ ಲೆಕ್ಕ. ನಮ್ಮ ಏಪ್ರಿಲ್ ಬಿಸಿಲಿಗೆ ಡ್ರ್ಯಾಗನ್ನೂ ನೀರು ಕೇಳುತ್ತದೆ, ಆ ಮಾತು ಬೇರೆ.

ಆದರೆ ಬಾದಾಮಿ ನಮ್ಮ ಜಿಲ್ಲೆಯಲ್ಲೇ ಇದೆ ಅಲ್ವಾ? ಹಳೆಯ ಹೆಸರು ವಾತಾಪಿ. ಆ ಹೆಸರಿನ ಹಿಂದೆ ಪುರಾಣದ ಕಥೆ ಇದೆ: ಇಲ್ವಲ ಅನ್ನೋ ರಾಕ್ಷಸ ತನ್ನ ತಮ್ಮ ವಾತಾಪಿಯನ್ನು ಆಡು ಮಾಡಿ, ಕಡಿದು, ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟ ಮುಗಿದ ಮೇಲೆ "ವಾತಾಪಿ, ಹೊರಗೆ ಬಾ" ಅಂತ ಕೂಗಿದರೆ ತಮ್ಮ ಅವರ ಹೊಟ್ಟೆ ಸೀಳಿ ಬರುತ್ತಿದ್ದ. ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡು ಅರಗಿಸಿಕೊಂಡುಬಿಟ್ಟರು. ಇಲ್ವಲ ಕರೆದ. ಬರೋಕೆ ಯಾರೂ ಉಳಿದಿರಲಿಲ್ಲ.

ಆಯಿ ಹೇಳುವಾಗ ಬರೀ ಹೆದರಿಕೆ ಆಗುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದ ಮೇಲೆ ಅದರ ಕಟ್ಟೋಣ ಕಂಡಿತು. ಆ ಮಾಯೆಗೆ ಒಂದು ನಿಯಮ ಇದೆ. ಅಗಸ್ತ್ಯರು ಅದಕ್ಕಿಂತ ದೊಡ್ಡ ಮಂತ್ರ ಹುಡುಕಲಿಲ್ಲ. ಆ ನಿಯಮದೊಳಗೇ ಒಂದು ಸಂದು ಹುಡುಕಿದರು. ಕೂಗುವ ಮೊದಲೇ ಜೀರ್ಣ ಆಗಿಹೋದರೆ ಮಂತ್ರಕ್ಕೆ ಕೆಲಸವೇ ಇಲ್ಲ!

ನನಗೆ ಭರವಸೆ ಅಂದರೆ ಅದು, ನಿಯಮದೊಳಗೇ ದಾರಿ ಹುಡುಕೋದು. ಕೊನೆಯ ಅಧ್ಯಾಯದಲ್ಲಿ ದೇವರು ಇಳಿದು ಬಂದು ಎಲ್ಲಾ ಸರಿ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಪುಟ ಓದಿದ್ದು ಸುಮ್ನೆನಾ? "ಎಲ್ಲಾ ಒಳ್ಳೆಯದಾಗ್ತದ" ಅನ್ನೋರ ಮಾತೂ ಹಾಗೇ, ಹೇಗೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಈಗ ನನ್ನ ಕಾದಂಬರಿಗೆ ಬರುತ್ತೇನೆ. ಆಲಮಟ್ಟಿ ಡ್ಯಾಮಿನ ಹಿನ್ನೀರು ಘಟಪ್ರಭೆಯ ದಂಡೆಯಲ್ಲಿದ್ದ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಬಂದರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಮನೆಯಲ್ಲಿ ಯಾವ ಮಾತು ಶುರುವಾದರೂ "ಮುಳುಗಡೆಗಿಂತ ಮೊದಲು" ಅಂತಲೇ ಶುರುವಾಗುತ್ತದೆ. ಇದನ್ನು ಸೀದಾ ಬರೆಯಲು ಹೋದೆ. ಪರಿಹಾರ, ನೋಟಿಸು, ಸರ್ವೆ, ಕೋರ್ಟು... ಕಡತ ಓದಿದ ಹಾಗೆ ಆಯಿತು. ಕಡತದಲ್ಲಿ ಮನೆಯ ಅಳತೆ ಇರುತ್ತದೆ, ಪಡಸಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಅನ್ನೋದು ಇರಲ್ಲ.

ಅದಕ್ಕೇ ನೀರೊಳಗೆ ಒಂದು ಊರು ಇಟ್ಟೆ. ಅಲ್ಲಿನ ನಿಯಮ ಇಷ್ಟು: ಮುಳುಗಿದ ಯಾವ ಮನೆಯೂ ಮೇಲೆ ಬರುವಂತಿಲ್ಲ. ಆದರೆ ಗೂಡು ಯಾವ ಗೋಡೆಯಲ್ಲಿತ್ತು, ಕಾಳು ತುಂಬಿಡುವ ನೆಲದೊಳಗಿನ ಹಗೇವು ಎಲ್ಲಿತ್ತು ಅಂತ ಸರಿಯಾಗಿ ಹೇಳಿದವರಿಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ನನ್ನ ಕಥೆಯ ಮಾಂತ್ರಿಕರು ಮಂಡಿನೋವಿನ ಅಜ್ಜಿಯರು. ಈಜು ಬರುವ ಹುಡುಗರಿಗೆ ಮನೆ ಗೊತ್ತಿಲ್ಲ, ಮನೆ ಗೊತ್ತಿದ್ದವರಿಗೆ ಈಜು ಬರಲ್ಲ. ಕಥೆ ಅಲ್ಲೇ ನಿಂತಿದೆ.

"ಡ್ಯಾಮನ್ನ ರಾಕ್ಷಸ ಮಾಡು, ಕೊನೆಗೆ ಒಡೆಸಿಬಿಡು" ಅಂದ ಗೆಳತಿಯೂ ಇದ್ದಾಳೆ. ಮಾಡಲ್ಲ. ಅದೇ ನೀರು ವಿಜಯಪುರದ ಕಡೆ ಒಣಗಿದ ಹೊಲಗಳಿಗೂ ಹೋಗುತ್ತದೆ. ಅದನ್ನು ಒಡೆದು ಸುಖಾಂತ್ಯ ಮಾಡಿದರೆ ಅಲ್ಲಿನ ರೈತರ ಮುಖ ಹೇಗೆ ನೋಡಲಿ?

ಹಳೆ ಬಾಗಲಕೋಟೆಯ ಮನೆಯಲ್ಲಿ ಬೆಳೆದವರು ಇಲ್ಲಿ ಯಾರಾದರೂ ಇದ್ದರೆ ಒಂದು ಸಹಾಯ ಮಾಡಿ. ಮಣ್ಣಿನ ಮಾಳಿಗೆ ಮಳೆಗೆ ಸೋರಿದರೆ ಮೇಲೆ ಏನು ಹಾಕುತ್ತಿದ್ದಿರಿ? ಹಗೇವಿನ ಬಾಯಿ ಮನೆಯೊಳಗಿತ್ತೋ, ಹೊರಗೋ? ಹೋಳಿ ಬಣ್ಣದ ಬಂಡಿ ನಿಮ್ಮ ಓಣಿಯಲ್ಲಿ ಯಾವ ಕಡೆಯಿಂದ ಬರುತ್ತಿತ್ತು? ನಮ್ಮ ಆಯಿ ಒಂದು ಹೇಳುತ್ತಾಳೆ, ಅವಳ ತಂಗಿ ಇನ್ನೊಂದು ಹೇಳುತ್ತಾಳೆ. ಇಬ್ಬರೂ ಜಗಳಾಡಿ ಈಗ ಮಾತು ಬಿಟ್ಟಿದ್ದಾರೆ.